ದಾದಿಯ ಮಗ್ಗ, ನನ್ನ ಲೆಕ್ಕ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ

ಕಳೆದ ವರ್ಷ ನಾನು ಪ್ರಥಮ ಪಿಯುಸಿಯಲ್ಲಿದ್ದಾಗ ವ್ಯವಹಾರ ಅಧ್ಯಯನದ ಸರ್ ನಮಗೊಂದು ಪ್ರಾಜೆಕ್ಟ್ ಕೊಟ್ಟರು. "ನಿಮ್ಮೂರಿನ ಒಂದು ಉದ್ಯೋಗ ಆರಿಸಿಕೊಳ್ಳಿ. ಕಚ್ಚಾ ಮಾಲು ಎಲ್ಲಿಂದ ಬರುತ್ತದೆ, ಖರ್ಚು ಎಷ್ಟು, ಯಾರು ಕೊಳ್ಳುತ್ತಾರೆ, ಲಾಭ ಎಷ್ಟು, ಇಷ್ಟನ್ನು ನೀವೇ ಹೋಗಿ ಕೇಳಿ ಬರೆದು ತನ್ನಿ" ಎಂದರು. ಒಬ್ಬಳು ಬೇಕರಿ ಬರೆದುಕೊಂಡಳು. ಒಬ್ಬಳು ತನ್ನ ಮಾವನ ಖಾರದ ಗಿರಣಿ ಬರೆದುಕೊಂಡಳು. ಅಣ್ಣಿಗೇರಿ ಕಡೆಯಿಂದ ಬಸ್ಸಿನಲ್ಲಿ ಬರುವ ಗೆಳತಿ ಹತ್ತಿ ವ್ಯಾಪಾರ ತೆಗೆದುಕೊಂಡಳು. ನಾನು ಮೊಬೈಲ್ ಅಂಗಡಿ ಎಂದು ಬರೆದೆ.

ಆ ಗೆಳತಿ ನನ್ನ ಹಾಳೆ ನೋಡಿ ನಕ್ಕಳು. "ನಿಮ್ಮ ಮನ್ಯಾಗ ಜಮಖಾನದ ಮಗ್ಗ ಐತಲ್ಲ, ಅದು ಉದ್ಯೋಗ ಅಲ್ಲೇನು?" ಎಂದಳು.

ನಿಜ ಹೇಳಬೇಕೆಂದರೆ ಅದು ಉದ್ಯೋಗ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅಬ್ಬಾ ಗೂಡ್ಸ್ ಗಾಡಿ ಓಡಿಸುತ್ತಾರೆ, ಅದು ಉದ್ಯೋಗ. ಭಾಯಿಜಾನ್ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ, ಅದು ಉದ್ಯೋಗ. ದಾದಿ ಮತ್ತು ಅಮ್ಮಿ ಮಗ್ಗದ ಮುಂದೆ ಕೂರುವುದು ನನಗೆ ರೊಟ್ಟಿ ಬಡಿಯುವ, ನೀರು ತುಂಬುವ ಹಾಗೆ ಮನೆಯ ಕೆಲಸಗಳಲ್ಲಿ ಒಂದಾಗಿ ಕಾಣುತ್ತಿತ್ತು. ಮೊಬೈಲ್ ಅಂಗಡಿ ಎಂದಿದ್ದನ್ನು ಹೊಡೆದುಹಾಕಿ ಜಮಖಾನ ಎಂದು ಬರೆದೆ. ಲೆಕ್ಕ ಅಲ್ಲಿಂದ ಶುರುವಾಯಿತು.

ಬೇರೆ ಊರಿನಿಂದ ಬಂದು ನಮ್ಮ ಕಾಲೇಜಿನಲ್ಲಿ ಓದುತ್ತಿರುವವರಿಗಾಗಿ ಸ್ವಲ್ಪ ಹೇಳುತ್ತೇನೆ. ನವಲಗುಂದದ ಜಮಖಾನ ಎಂದರೆ ಹತ್ತಿ ನೂಲಿನಿಂದ ಕೈಯಲ್ಲೇ ನೇಯ್ದ ದಪ್ಪನೆಯ ಹಾಸು. ಸೀರೆ ನೇಯುವ ಮಗ್ಗದಂತೆ ಇದು ಮಲಗಿರುವುದಿಲ್ಲ, ಗೋಡೆಯ ಪಕ್ಕ ನೆಟ್ಟಗೆ ನಿಂತಿರುತ್ತದೆ. ಮೇಲೊಂದು ಕೆಳಗೊಂದು ತೊಲೆ, ನಡುವೆ ಬಿಗಿದ ಹಾಸಿನ ಎಳೆಗಳು. ಲಾಳಿ ಇಲ್ಲ. ಬಣ್ಣದ ನೂಲನ್ನು ಬೆರಳಿನಿಂದಲೇ ಎಳೆಗಳ ನಡುವೆ ದಾಟಿಸಿ, ಪಂಜಾ ಎನ್ನುವ ಕಬ್ಬಿಣದ ಹಲ್ಲಿನ ಸಾಧನದಿಂದ ಕುಟ್ಟಿ ಕುಟ್ಟಿ ಕೂಡಿಸಬೇಕು. ಕೆಂಪು, ಹಳದಿ, ನೀಲಿ, ಹಸಿರು, ಕಪ್ಪು ಬಣ್ಣಗಳು. ನವಿಲು, ಹೂವು, ನಡುವೆ ಪಗಡೆಯ ಹಾಸಿನಂಥ ಚೌಕ. ಈ ಕೆಲಸ ಮಾಡುವವರು ನಮ್ಮ ಊರಿನ ಮುಸ್ಲಿಂ ಹೆಂಗಸರು, ಹೆಂಗಸರು ಮಾತ್ರ. ಆದಿಲ್‌ಶಾಹಿಗಳ ಕಾಲದಲ್ಲಿ ಬಿಜಾಪುರದಿಂದ ಬಂದ ನೇಕಾರರು ಇಲ್ಲಿ ನೆಲೆ ನಿಂತರು ಎಂದು ಹಿರಿಯರು ಹೇಳುತ್ತಾರೆ. ಊರಿನಲ್ಲಿ ಜಮಖಾನ ಗಲ್ಲಿ ಎಂಬ ಓಣಿಯೇ ಇದೆ. ಈಗ 'ನವಲಗುಂದ ಜಮಖಾನ'ಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಕೂಡ ಸಿಕ್ಕಿದೆ.

ದಾದಿಗೆ ಪ್ರಾಜೆಕ್ಟ್ ವಿಷಯ ಹೇಳಿದೆ. ಮನೆಯಲ್ಲಿ ನಾವು ಆಡುವುದು ದಖ್ಖನಿ, ದಾದಿಯ ಮಾತನ್ನು ಇಲ್ಲಿ ನಮ್ಮ ಧಾರವಾಡದ ಕನ್ನಡದಲ್ಲೇ ಬರೆಯುತ್ತೇನೆ. "ಇದನ್ನೇನ್ ಬರೀತಿ ಬೇಟಾ? ಇದರಾಗ ಬರಿಯೂದು ಏನೈತಿ?" ಎಂದರು. ಆದರೆ ಸಂಜೆ ಹೊತ್ತಿಗೆ ಅವರೇ ಮಾತು ತೆಗೆದರು. ಮೊದಲು ಎಷ್ಟು ಮಂದಿಗೆ ಜಮಖಾನ ಬೇಕಾಗಿತ್ತು ಎಂದು ಅವರು ಹೇಳುತ್ತಾ ಹೋದರೆ ನನಗೆ ಬರೆದುಕೊಳ್ಳಲು ಹಾಳೆ ಸಾಲಲಿಲ್ಲ.

ರೈತರು ಗುದ್ದರ್ ಮಾಡಿಸುತ್ತಿದ್ದರು. ಗುದ್ದರ್ ಎಂದರೆ ಎತ್ತಿನ ಮೈಮೇಲೆ ಹಾಕುವ ದಪ್ಪ ಹಾಸು. ಕಾರಹುಣ್ಣಿಮೆ ಬಂತೆಂದರೆ ಸುತ್ತಲಿನ ಹಳ್ಳಿಗಳವರು ತಮ್ಮ ಎತ್ತುಗಳಿಗೆ ಹೊಸದು ಬೇಕು ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರಂತೆ. ಮದುವೆಯ ಮನೆಯವರು ದೊಡ್ಡ ಜಮಖಾನ ಹೇಳಿ ಮಾಡಿಸುತ್ತಿದ್ದರು. ಬೀಗರು ಬಂದರೆ ಹಾಸಲು, ಹಿರಿಯರು ಪಂಚಾಯಿತಿ ಕೂಡಿದರೆ ಹಾಸಲು, ಮಠದಲ್ಲಿ ಭಜನೆಗೆ ಹಾಸಲು ಅದೇ. ನಮ್ಮವರ ಮನೆಗಳಿಗೆ ಜಾನಮಾಜ್ ಬೇಕಾಗುತ್ತಿತ್ತು. ಅದರಲ್ಲಿ ನವಿಲು ಇರುವುದಿಲ್ಲ, ಮಿಹ್ರಾಬಿನ ಕಮಾನು ಇರುತ್ತದೆ. ಒಂದೇ ಮಗ್ಗದ ಮೇಲೆ ಮಠದ ಹಾಸು, ಮನೆಯ ಜಾನಮಾಜ್, ಎತ್ತಿನ ಗುದ್ದರ್ ಮೂರೂ ತಯಾರಾಗುತ್ತಿದ್ದವು.

ನಮ್ಮ ಓಣಿಯ ಆಚೆ ಇರುವ ಒಬ್ಬ ರೈತ ಕಾಕಾ ಅವರನ್ನೂ ಕೇಳಿದೆ. ಅವರು ಒಳಗೆ ಹೋಗಿ ಟ್ರಂಕಿನಿಂದ ಒಂದು ಜಮಖಾನ ತಂದು ಹಾಸಿದರು. "ನೋಡ ಯವ್ವಾ, ನಮ್ಮ ಲಗ್ನದಾಗ ಬೀಗರು ಇದರ ಮ್ಯಾಲ ಕುಂತಿದ್ರು. ನಲವತ್ತು ವರ್ಷ ಆತು, ಒಂದು ಎಳಿ ಬಿಟ್ಟಿಲ್ಲ. ಆದರ ಈಗ ನಮ್ಮ ಮನ್ಯಾಗ ಎತ್ತೂ ಇಲ್ಲ, ನೆಲದ ಮ್ಯಾಲ ಕುಂದ್ರವರೂ ಇಲ್ಲ" ಎಂದರು.

ಅವರ ಆ ಒಂದು ಮಾತಿನಲ್ಲಿ ನನ್ನ ಪ್ರಾಜೆಕ್ಟಿನ ಅರ್ಧ ಉತ್ತರ ಇತ್ತು. ಟ್ರ್ಯಾಕ್ಟರ್ ಬಂತು, ಎತ್ತು ಹೋಯಿತು, ಎತ್ತಿನ ಜೊತೆ ಗುದ್ದರ್ ಹೋಯಿತು. ಕಲ್ಯಾಣ ಮಂಟಪ ಬಂತು, ಪ್ಲಾಸ್ಟಿಕ್ ಕುರ್ಚಿ ಬಂತು, ಬೀಗರು ನೆಲದಿಂದ ಎದ್ದು ಕುರ್ಚಿಗೆ ಹೋದರು. ನೆಲಕ್ಕೆ ಕೂರುವವರಿಗೆ ಪ್ಲಾಸ್ಟಿಕ್ ಚಾಪೆ ಬಂತು. ಅದು ಹಗುರ, ಅಗ್ಗ, ನೀರು ಬಿದ್ದರೆ ಒರೆಸಿದರಾಯಿತು. ಕೊನೆಗೆ ಉಳಿದದ್ದು ಜಾನಮಾಜ್. ಅಲ್ಲಿಗೂ ಯಂತ್ರದಲ್ಲಿ ಮಾಡಿದ ಮಖಮಲ್ಲಿನಂಥ ಮೆತ್ತನೆಯ ಹಾಸು ಬಂತು. ನಮ್ಮ ಮನೆಯಲ್ಲೂ ಅಂಥದ್ದೊಂದಿದೆ. ಯಾರೋ ಉಮ್ರಾ ಮುಗಿಸಿ ಬಂದವರು ಪ್ರೀತಿಯಿಂದ ಕೊಟ್ಟದ್ದು. ಜಮಖಾನ ನೇಯುವ ನನ್ನ ದಾದಿ ಐದು ಹೊತ್ತು ನಮಾಜ್ ಮಾಡುವುದು ಅದರ ಮೇಲೆ. ಯಾಕೆ ಎಂದು ಕೇಳಿದರೆ, "ನಾ ನೇಯ್ದದ್ದು ಮಾರಾಕ ಬೇಕಲ್ಲ ಬೇಟಾ" ಎನ್ನುತ್ತಾರೆ.

ಇನ್ನು ಕಚ್ಚಾ ಮಾಲು. ನಮ್ಮದು ಎರೆ ಭೂಮಿ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಎಲ್ಲೆಡೆ ಹತ್ತಿ ಬೆಳೆಯುತ್ತಾರೆ. ಬ್ರಿಟಿಷರು 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೀಜ ತಂದು ಬೆಳೆಸಿದ್ದು ಇದೇ ನಮ್ಮ ಧಾರವಾಡ ಜಿಲ್ಲೆಯಲ್ಲಿ. ಅದಕ್ಕೆ 'ಧಾರವಾಡ ಅಮೆರಿಕನ್' ಎಂದೇ ಹೆಸರಾಯಿತು. ಇಲ್ಲಿಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರು ಸೇರಿ ಹಡಗು ಹತ್ತುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ, ನಮ್ಮ ಕಡೆಯ ಹತ್ತಿಗೆ ಭಾರಿ ಬೆಲೆ ಬಂತು. ಹತ್ತಿ ಹೊರಗೆ ಹೋಯಿತು, ನೂಲಾಗಿ, ಬಟ್ಟೆಯಾಗಿ ಒಳಗೆ ಬಂತು. ಹಳ್ಳಿಯ ಮನೆಗಳಲ್ಲಿ ರಾಟಿ ಮೂಲೆಗೆ ಸೇರಿತು. ಇತಿಹಾಸದ ಪಾಠದಲ್ಲಿ ಓದುವ 'ದೇಶೀಯ ಕೈಗಾರಿಕೆಗಳ ಅವನತಿ' ಎಂದರೆ ಇದೇ. ಇಂದಿಗೂ ನಮ್ಮ ಮನೆಯ ಕಿಟಕಿಯಿಂದ ನೋಡಿದರೆ ಹತ್ತಿ ತುಂಬಿದ ಗಾಡಿ ಹೋಗುವುದು ಕಾಣುತ್ತದೆ, ಆದರೆ ದಾದಿಯ ಮಗ್ಗಕ್ಕೆ ನೂಲು ಬೇಕೆಂದರೆ ಅಬ್ಬಾ ಹುಬ್ಬಳ್ಳಿಗೆ ಹೋಗಬೇಕು.

ಈಗ ಲೆಕ್ಕಕ್ಕೆ ಬರುತ್ತೇನೆ.

ಮೂರು ಅಡಿ ಅಗಲ, ಐದು ಅಡಿ ಉದ್ದದ ಒಂದು ಜಮಖಾನ ಹಿಡಿದೆ. ಬಣ್ಣದ ನೂಲಿಗೆ 900 ರೂಪಾಯಿ. ಹುಬ್ಬಳ್ಳಿಗೆ ಹೋಗಿ ಬರುವ ಖರ್ಚು 100 ರೂಪಾಯಿ. ಒಟ್ಟು 1,000. ಮಾರಿದ್ದು 2,200ಕ್ಕೆ. ಲಾಭ 1,200 ರೂಪಾಯಿ! ನನಗೆ ಬಹಳ ಖುಷಿಯಾಯಿತು. ಹಾಕಿದ ದುಡ್ಡಿಗಿಂತ ಹೆಚ್ಚು ಲಾಭ. ಬೇಕರಿ ಬರೆದವಳ ಲಾಭವೂ ಇಷ್ಟಿರಲಿಲ್ಲ. ಚಂದವಾಗಿ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆದು ಸರ್‌ಗೆ ಕೊಟ್ಟೆ.

ಸರ್ ಹಾಳೆ ನೋಡಿ, ಪೆನ್ಸಿಲಿನಿಂದ ಒಂದು ಕಡೆ ಸುತ್ತು ಹಾಕಿ ವಾಪಸ್ ಕೊಟ್ಟರು. "ದುಡಿಮೆಯ ಕಾಲಂ ಖಾಲಿ ಬಿಟ್ಟಿದ್ದೀಯಲ್ಲವಾ" ಎಂದರು.

"ಕೆಲಸಗಾರರು ಯಾರೂ ಇಲ್ಲ ಸರ್, ದಾದಿ ಮತ್ತು ಅಮ್ಮಿನೇ ಮಾಡೋದು" ಎಂದೆ.

"ಬೇಕರಿಯಲ್ಲಿ ಹುಡುಗನಿಗೆ ಪಗಾರ ಕೊಡ್ತಾರೆ. ನಿಮ್ಮ ದಾದಿಗೆ ಯಾರು ಕೊಡ್ತಾರೆ?" ಎಂದು ಕೇಳಿದರು. ಅಷ್ಟೇ. ಬೈಯಲಿಲ್ಲ. ಆದರೆ ಇಡೀ ತರಗತಿಯ ಮುಂದೆ ನನಗೆ ಉತ್ತರ ಹೊಳೆಯಲಿಲ್ಲ.

ಮನೆಗೆ ಬಂದು ದಾದಿಯನ್ನು ಕೇಳಿದೆ, ನಿಮ್ಮ ಕೆಲಸಕ್ಕೆ ಎಷ್ಟು ಎಂದು ಬರೆಯಲಿ? ಅವರು ನಕ್ಕರು. "ನನ್ನ ಕೆಲಸಕ್ಕ ಏನು ರೊಕ್ಕ? ಮನ್ಯಾಗ ಸುಮ್ನ ಕುಂತಿರ್ತೀನಲ್ಲ" ಎಂದರು. ಅಮ್ಮಿಯೂ ಅದನ್ನೇ ಹೇಳಿದರು.

ಮುಂದಿನ ಜಮಖಾನ ಶುರುವಾದಾಗ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ದಾದಿ ಎಷ್ಟು ಹೊತ್ತಿಗೆ ಕೂತರು, ಎಷ್ಟು ಹೊತ್ತಿಗೆ ಎದ್ದರು, ಅಮ್ಮಿ ಅಡುಗೆ ಮುಗಿಸಿ ಯಾವಾಗ ಬಂದರು, ಎಲ್ಲ ಬರೆದೆ. ಮುಗಿದಾಗ ಇಬ್ಬರದೂ ಕೂಡಿ 112 ತಾಸು ಆಗಿತ್ತು. ಎಂಟು ತಾಸಿಗೆ ಒಂದು ದಿನ ಎಂದು ಹಿಡಿದರೆ 14 ದಿನದ ದುಡಿಮೆ. ಉಳಿದ 1,200 ರೂಪಾಯಿಯನ್ನು 14ರಿಂದ ಭಾಗಿಸಿದೆ. ದಿನಕ್ಕೆ 85 ರೂಪಾಯಿ ಚಿಲ್ಲರೆ. ಕ್ಯಾಲ್ಕುಲೇಟರ್ ತಪ್ಪಿರಬೇಕೆಂದು ಮತ್ತೆ ಮಾಡಿದೆ. ಅಷ್ಟೇ ಬಂತು. 2024–25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆ ಲೆಕ್ಕದಲ್ಲಿ 14 ದಿನಕ್ಕೆ 4,886 ರೂಪಾಯಿ. ನೂಲು, ಬಸ್ಸಿನ ಖರ್ಚು ಸೇರಿಸಿದರೆ ಆ ಜಮಖಾನದ ನಿಜವಾದ ಖರ್ಚು 5,886 ರೂಪಾಯಿ. ನಾವು ಮಾರಿದ್ದು 2,200ಕ್ಕೆ. ಲಾಭ ಎಂದು ಕೆಂಪು ಪೆನ್ನಿನಲ್ಲಿ ಬರೆದದ್ದು ಲಾಭವೇ ಆಗಿರಲಿಲ್ಲ. ನನ್ನ ದಾದಿ ಮತ್ತು ಅಮ್ಮಿ ತಮ್ಮ ಕೂಲಿಯ ಮುಕ್ಕಾಲು ಪಾಲನ್ನು ಪ್ರತಿ ಜಮಖಾನದ ಜೊತೆ ಮಡಚಿ ಕೊಟ್ಟು ಕಳಿಸುತ್ತಿದ್ದರು.

ಈ ಲೆಕ್ಕವನ್ನು ನಾನು ಊಟದ ಹೊತ್ತಿನಲ್ಲಿ ಜೋರಾಗಿ ಓದಿದೆ. ದೊಡ್ಡ ಸಾಧನೆ ಮಾಡಿದವಳ ಹಾಗೆ ಓದಿದೆ. ಅಬ್ಬಾ ತಟ್ಟೆ ನೋಡುತ್ತಾ ಕೂತರು. ದಾದಿ ಏನೂ ಅನ್ನದೆ ಎದ್ದು ಕೈ ತೊಳೆದುಕೊಂಡರು. ಮರುದಿನ ಅವರು ಮಗ್ಗದ ಮುಂದೆ ಕೂರಲಿಲ್ಲ. ಅದರ ಮರುದಿನವೂ ಕೂರಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು, "ಐವತ್ತು ವರ್ಷ ಕುಂತೀನಿ ಬೇಟಾ. ನಿಮ್ಮ ಅಬ್ಬಾನ ಸಾಲಿ ಫೀ, ನಿಮ್ಮ ಫುಫ್ಫಿಯ ನಿಕಾಹ್, ಈ ಮನಿ ಮ್ಯಾಲಿನ ತಗಡು, ಎಲ್ಲಾ ಇದರಾಗಿಂದ ಬಂದೈತಿ. ನೀ ಈಗ ಎಂಬತ್ತೈದು ರೂಪಾಯಿ ಅಂತಿ" ಎಂದರು.

ಆ ದಿನ ನನಗೆ ಬಹಳ ನಾಚಿಕೆಯಾಯಿತು. ಲೆಕ್ಕ ತಪ್ಪಿರಲಿಲ್ಲ. ಆದರೆ ಅದನ್ನು ಯಾರ ಮೇಲೆ ಹಾಕಬೇಕೋ ಅವರ ಮೇಲೆ ಹಾಕದೆ, ದುಡಿದವರ ಮುಖದ ಮೇಲೆ ಹಾಕಿದ್ದೆ. ದಾದಿಯಿಂದ 2,200ಕ್ಕೆ ಒಯ್ದ ವ್ಯಾಪಾರಿ ಅದನ್ನು ಎಷ್ಟಕ್ಕೆ ಮಾರಿದ ಎಂದು ನಾನು ಕೇಳಿರಲಿಲ್ಲ. ಭಾಯಿಜಾನ್ ಹುಬ್ಬಳ್ಳಿಯಲ್ಲಿ ಅಂಥದ್ದೇ ಜಮಖಾನಕ್ಕೆ ದುಪ್ಪಟ್ಟಿಗಿಂತ ಹೆಚ್ಚು ಬೆಲೆಯ ಚೀಟಿ ಹಚ್ಚಿದ್ದನ್ನು ನೋಡಿ ಬಂದ. ಆ ಚೀಟಿಯಲ್ಲಿ ನವಲಗುಂದ ಎಂಬ ಹೆಸರೂ ಇರಲಿಲ್ಲ. ವ್ಯಾಪಾರಿಯದೂ ಪೂರ್ತಿ ತಪ್ಪು ಎನ್ನಲಾರೆ. ಅವನಿಗೆ ಅಂಗಡಿ ಬಾಡಿಗೆ ಇದೆ, ಮಾರದೆ ಉಳಿಯುವ ಮಾಲು ಇದೆ. ಆದರೆ ಅವನು ತನ್ನ ಲೆಕ್ಕದಲ್ಲಿ ತನ್ನ ಕೂಲಿ ಬರೆಯುವುದನ್ನು ಮರೆಯುವುದಿಲ್ಲ. ನಮ್ಮ ಮನೆಯವರು ಮರೆಯುತ್ತಾರೆ. ಮನೆಯೊಳಗಿನ ಹೆಂಗಸರ ದುಡಿಮೆಗೆ ಬೆಲೆ ಇಲ್ಲ ಎಂದು ನಾವೇ ಒಪ್ಪಿಕೊಂಡ ಮೇಲೆ ಬೇರೆಯವರು ಯಾಕೆ ಕೊಡುತ್ತಾರೆ?

ಸರಕಾರ ಏನು ಮಾಡಿದೆ ಎಂದೂ ಹುಡುಕಿದೆ. 1985ರಲ್ಲಿ ಕೇಂದ್ರ ಸರಕಾರ ಒಂದು ಕಾಯ್ದೆ ತಂದಿತು. ಕೆಲವು ವಸ್ತುಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು, ಪವರ್‌ಲೂಮಿನಲ್ಲಿ ನೇಯಬಾರದು ಎಂಬ ಪಟ್ಟಿ ಅದರಡಿ ಇದೆ. ಆ ಪಟ್ಟಿಯಲ್ಲಿ ಜಮಖಾನವೂ ಇದೆ. ಓದಿ ಆಶ್ಚರ್ಯವಾಯಿತು, ಇಷ್ಟಿದ್ದರೂ ಯಾಕೆ ಹೀಗಾಯಿತು? ಆಮೇಲೆ ಹೊಳೆಯಿತು. ಕಾಯ್ದೆ ಯಂತ್ರದ ಜಮಖಾನವನ್ನು ತಡೆಯಬಹುದು, ಜಮಖಾನದ ಜಾಗಕ್ಕೆ ಬಂದು ಕೂತ ಪ್ಲಾಸ್ಟಿಕ್ ಚಾಪೆಯನ್ನು ತಡೆಯುವುದಿಲ್ಲ. ಜಿಐ ಕೂಡ ಹಾಗೆಯೇ. ಬೇರೆ ಊರಿನವರು ನಮ್ಮ ಹೆಸರು ಹಾಕಿ ಮಾರುವಂತಿಲ್ಲ, ಸರಿ. ಆದರೆ ಆ ಹೆಸರಿಗಾಗಿ ಹೆಚ್ಚು ದುಡ್ಡು ಕೊಡಿ ಎಂದು ಅದು ಯಾರಿಗೂ ಹೇಳುವುದಿಲ್ಲ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಇದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರ ನವೆಂಬರ್ 1ರಂದು ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಮ್ಮ ರಾಷ್ಟ್ರಧ್ವಜ ತಯಾರಾಗುತ್ತದೆ. ಅಲ್ಲಿ ದುಡಿಯುವವರಲ್ಲೂ ಹೆಚ್ಚಿನವರು ಹೆಂಗಸರು. ಧ್ವಜ ಕೈಯಲ್ಲಿ ನೂತ, ಕೈಯಲ್ಲಿ ನೇಯ್ದ ಬಟ್ಟೆಯದೇ ಆಗಿರಬೇಕು ಎಂಬ ನಿಯಮ ಇದ್ದುದರಿಂದ ಆ ಕೆಲಸ ಉಳಿದುಕೊಂಡು ಬಂದಿತ್ತು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ತಯಾರಿಸಿದ, ಪಾಲಿಯೆಸ್ಟರ್ ಧ್ವಜಗಳಿಗೂ ಒಪ್ಪಿಗೆ ಸಿಕ್ಕಿತು. ಮುಂದಿನ ವರ್ಷ ಮನೆಮನೆಯಲ್ಲೂ ಧ್ವಜ ಹಾರಿತು. ಆದರೆ ಪೇಟೆಯಲ್ಲಿ ಅಗ್ಗದ ಪಾಲಿಯೆಸ್ಟರ್ ಧ್ವಜ ಸಿಗುವಾಗ ಖಾದಿಯದನ್ನು ಕೇಳಿ ತರುವವರು ಎಷ್ಟು ಮಂದಿ? ನಿಯಮದ ಮೇಲೆ ಮಾತ್ರ ನಿಂತ ಕೆಲಸಕ್ಕೆ ನಿಯಮ ಬದಲಾದ ದಿನ ನೆಲ ಅಲುಗಾಡುತ್ತದೆ.

ಅದೇ ಕಲಘಟಗಿಯ ಬಣ್ಣದ ತೊಟ್ಟಿಲು ನೋಡಿ. ಅದಕ್ಕೆ ಯಾವ ಮೀಸಲಾತಿಯೂ ಇಲ್ಲ. ಪೇಟೆಯಲ್ಲಿ ಕಬ್ಬಿಣದ ತೊಟ್ಟಿಲು ಅಗ್ಗಕ್ಕೆ ಸಿಗುತ್ತದೆ. ಆದರೂ ಕಲಘಟಗಿಯದೇ ಬೇಕು ಎನ್ನುವವರು ಮೊದಲೇ ಹೇಳಿ, ಕಾದು, ಬೆಲೆ ಕೊಟ್ಟು ಮಾಡಿಸಿಕೊಳ್ಳುತ್ತಾರೆ. ಯಾಕೆಂದರೆ ಅದು ಒಂದು ಮಗುವಿಗಲ್ಲ, ಒಂದು ಮನೆತನಕ್ಕೆ ಎಂದು ಅವರಿಗೆ ಗೊತ್ತು. ನಲವತ್ತು ವರ್ಷ ಬಾಳಿದ ಕಾಕಾನ ಜಮಖಾನವೂ ಹಾಗೆಯೇ ಅಲ್ಲವೇ? ಅದರ ಬೆಲೆ 5,886 ಎಂದರೂ ವರ್ಷಕ್ಕೆ 150 ರೂಪಾಯಿ ಕೂಡ ಬೀಳುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೂ ಒಂದು ವಿಷಯ ಉಳಿಯುತ್ತದೆ. ಅದು ಪೇಟೆಯದಲ್ಲ, ಸರಕಾರದ್ದಲ್ಲ, ನಮ್ಮ ಮನೆಯದೇ.

ನಮ್ಮಲ್ಲಿ ಜಮಖಾನದ ಕಲೆಯನ್ನು ಮಗಳಿಗೆ ಕಲಿಸುವ ಪದ್ಧತಿ ಇರಲಿಲ್ಲ, ಸೊಸೆಗೆ ಮಾತ್ರ ಕಲಿಸುತ್ತಿದ್ದರು. ಮಗಳು ಬೇರೆ ಮನೆಗೆ ಹೋಗುವವಳು, ಗುಟ್ಟು ಅವಳ ಜೊತೆ ಹೊರಗೆ ಹೋಗಿಬಿಡುತ್ತದೆ ಎಂಬ ಭಯ. ನನ್ನ ಅಮ್ಮಿ ಗದಗದ ಕಡೆಯಿಂದ ಸೊಸೆಯಾಗಿ ಬಂದು ಕಲಿತರು. ನನ್ನ ಫುಫ್ಫಿ ಇದೇ ಮನೆಯಲ್ಲಿ ಹುಟ್ಟಿ ಬೆಳೆದರೂ ಕಲಿಯಲಿಲ್ಲ. ಅವರು ರಮ್ಜಾನ್ ಹಬ್ಬಕ್ಕೆ ಬಂದಾಗ ಕೇಳಿದೆ. "ಅಡಿಗಿ ಮನಿ ಬಾಗಲ್ದಾಗ ನಿಂತು ನೋಡಿ ನೋಡಿ ನನಗ ಎಲ್ಲಾ ಬರ್ತಿತ್ತು. ಕೈ ಹಚ್ಚಾಕ ಮಾತ್ರ ಬಿಡಲಿಲ್ಲ" ಎಂದರು. ನಗುತ್ತಲೇ ಹೇಳಿದರು, ಆದರೆ ಆಮೇಲೆ ಬಹಳ ಹೊತ್ತು ಮಗ್ಗದ ಕಡೆ ನೋಡುತ್ತಾ ಕೂತರು.

ಜಮಖಾನಕ್ಕೆ ಬೇಡಿಕೆ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಆ ಪದ್ಧತಿಗೆ ಒಂದು ಅರ್ಥ ಇತ್ತು. ಈಗ ಕದಿಯಲು ಬರುವವರು ಯಾರು? ನಮ್ಮ ಭಾಬಿ ಡಿ.ಎಡ್. ಮುಗಿಸಿದ್ದಾರೆ, ಶಿಕ್ಷಕಿಯಾಗಬೇಕೆಂದಿದ್ದಾರೆ, ಮಗ್ಗಕ್ಕೆ ಕೂರುವ ಮನಸ್ಸಿಲ್ಲ. ಅವರನ್ನು ತಪ್ಪು ಎನ್ನಲಾಗದು. ದಿನಕ್ಕೆ 85 ರೂಪಾಯಿ ಎಂದು ಅವರಿಗೆ ಲೆಕ್ಕ ಹೇಳಿಕೊಟ್ಟವಳು ನಾನೇ. ಅಮ್ಮಿಗೆ ಬರುವುದು ಮೂರೇ ನಮೂನೆ. ಉಳಿದವೆಲ್ಲ ದಾದಿಯ ತಲೆಯಲ್ಲಿ ಮಾತ್ರ ಇವೆ. ನಕ್ಷೆ ಇಲ್ಲ, ಪುಸ್ತಕ ಇಲ್ಲ. ನವಿಲಿನ ಕೊರಳಿಗೆ ಎಷ್ಟು ಎಳೆ ಬಿಡಬೇಕು, ಯಾವ ಸಾಲಿನಲ್ಲಿ ಬಣ್ಣ ತಿರುಗಿಸಬೇಕು ಎಂಬುದು ಅವರ ಬೆರಳಿಗಷ್ಟೇ ಗೊತ್ತು. ಅವರ ಕಣ್ಣಿಗೆ ಪೊರೆ ಬಂದಿದೆ. ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದು ಆಗಬೇಕು. ನೀಲಿಗೂ ಕಪ್ಪಿಗೂ ವ್ಯತ್ಯಾಸ ಕಾಣದೆ ಈಗ ನನ್ನನ್ನೇ ಕೂಗಿ ಕೇಳುತ್ತಾರೆ.

ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ನಾನು ಧೈರ್ಯ ಮಾಡಿ, "ದಾದಿ, ನನಗೆ ಕಲಿಸ್ತೀರಾ?" ಎಂದೆ. ಅವರು ಸುಮ್ಮನಿದ್ದರು. ನಾನು ಗಣಿತದ ಗ್ರಾಫ್ ಪುಸ್ತಕ ಮುಂದಿಟ್ಟೆ. "ಕಲಿಸದಿದ್ದರೂ ಬೇಡ, ನೀವು ಎಣಿಸಿ ಹೇಳಿ, ನಾನು ಒಂದೊಂದು ಎಳೆಗೆ ಒಂದೊಂದು ಚೌಕ ತುಂಬುತ್ತೇನೆ" ಎಂದೆ. ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಚೌಕಗಳನ್ನು ನೋಡಿದರು. "ಕಾಗದದ ಮ್ಯಾಲ ಬಂತು ಅಂದ್ರ ಗುಟ್ಟು ಎಲ್ಲಿ ಉಳೀತು?" ಎಂದರು. ಅಮ್ಮಿ ಒಳಗಿನಿಂದಲೇ, "ಗುಟ್ಟು ಉಳಿದು ಕೆಲಸ ಹೋದರ ಏನು ಮಾಡೂದು ಅಮ್ಮಾ?" ಎಂದರು. ಸೊಸೆಯಾಗಿ ಬಂದು ಕಲಿತವರು ಮಗಳ ಪರ ಮಾತಾಡಿದ್ದು ನನಗೆ ಈಗಲೂ ನೆನಪಾಗುತ್ತದೆ.

ಅಸರ್ ನಮಾಜ್ ಮುಗಿಸಿ ಬಂದು ದಾದಿ ಗೋಡೆಗೆ ಒರಗಿ ಕೂತರು. "ಬರಕೋ" ಎಂದರು.

ಅಂದಿನಿಂದ ಇಂದಿನವರೆಗೆ ನಾಲ್ಕು ನಮೂನೆ ಗ್ರಾಫ್ ಮೇಲೆ ಬಂದಿವೆ. ಮಿಹ್ರಾಬಿನ ಕಮಾನು, ಪಗಡೆಯ ಚೌಕ, ಒಂದು ಹೂವಿನ ಅಂಚು, ಅರ್ಧ ನವಿಲು. ನವಿಲು ಅರ್ಧಕ್ಕೆ ನಿಂತಿರುವುದು ನಡುವೆ ಒಂದು ಕಡೆ ದಾದಿಗೂ ಎಣಿಕೆ ತಪ್ಪುತ್ತಿರುವುದರಿಂದ. ಮಗ್ಗದ ಮೇಲೆ ಕೂತು ಬೆರಳು ಆಡಿಸಿದರೆ ಬರುತ್ತದೆ, ಬಾಯಲ್ಲಿ ಹೇಳಲು ಬರುವುದಿಲ್ಲ. ಹಾಗಾಗಿ ಅವರು ನೇಯುವಾಗ ನಾನು ಪಕ್ಕದಲ್ಲಿ ಕೂತು ಎಣಿಸುತ್ತೇನೆ. ನಾನೂ ಒಂದು ಗೇಣು ಅಗಲ ನೇಯ್ದಿದ್ದೇನೆ. ಪಂಜಾ ಇಷ್ಟು ಭಾರ ಎಂದು ಹದಿನೇಳು ವರ್ಷ ಅದೇ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ. ಮೊದಲ ದಿನ ಹತ್ತು ಸಾಲಿಗೆ ಕೈ ಸೋತಿತು. ಅಂಚು ಒಳಕ್ಕೆ ಎಳೆದುಕೊಂಡು ಸೊಟ್ಟಗಾಯಿತು. ದಾದಿ ಅದನ್ನು ಬಿಚ್ಚಲಿಲ್ಲ. "ಇರಲಿ, ಮುಂದ ನೋಡಿಕೊಂಡು ನಗಾಕ ಬೇಕಾಗ್ತದ" ಎಂದರು.

ನಾನು ನೇಕಾರಳಾಗುತ್ತೇನೆ ಎಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ. ನನಗೆ ಬಿ.ಕಾಂ. ಓದಬೇಕು, ಸಿ.ಎ. ಪರೀಕ್ಷೆಗೂ ಕೂರಬೇಕೆಂಬ ಆಸೆ ಇದೆ. ಆದರೆ ಒಂದು ಮಗ್ಗ ಉಳಿಯಲು ನೇಯುವವರ ಜೊತೆಗೆ ಲೆಕ್ಕ ಬರೆಯುವವರು, ನಮೂನೆ ಬರೆದಿಡುವವರು, ನೇರವಾಗಿ ಕೊಳ್ಳುವವರು ಕೂಡ ಬೇಕು. ಕಳೆದ ತಿಂಗಳು ಭಾಯಿಜಾನ್ ಪರಿಚಯದ ಬೆಂಗಳೂರಿನವರೊಬ್ಬರು ಒಂದು ಜಮಖಾನ ಕೇಳಿದರು. ನಾನು ಒಂದು ಚೀಟಿ ಬರೆದು ಅದಕ್ಕೆ ಪಿನ್ ಮಾಡಿದೆ. ನವಲಗುಂದ, ಹತ್ತಿ ನೂಲು, ಇಬ್ಬರು ಹೆಂಗಸರು, 112 ತಾಸು. ಬೆಲೆ 4,500 ಎಂದೆವು. ಅವರು ಚೌಕಾಸಿ ಮಾಡದೆ ಕಳಿಸಿದರು. ನೂಲು ಮತ್ತು ಪ್ರಯಾಣದ ಖರ್ಚು ಕಳೆದು 3,500 ಉಳಿಯಿತು, ದಿನಕ್ಕೆ 250 ರೂಪಾಯಿ. ಇನ್ನೂ 349 ಮುಟ್ಟಿಲ್ಲ. ಒಂದೇ ಜಮಖಾನ ಮಾರಿ ಪುನರುಜ್ಜೀವನವಾಯಿತು ಎನ್ನುವಷ್ಟು ದಡ್ಡಿ ನಾನಲ್ಲ. ಆದರೆ ಆ ದಿನ ದಾದಿ ದುಡ್ಡನ್ನು ಎರಡು ಸಲ ಎಣಿಸಿದರು.

ಪ್ರತಿ ವರ್ಷ ಆಗಸ್ಟ್ 7ರಂದು ರಾಷ್ಟ್ರೀಯ ಕೈಮಗ್ಗ ದಿನ ಆಚರಿಸುತ್ತಾರೆ. 1905ರ ಆಗಸ್ಟ್ 7ರಂದು ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿ ಘೋಷಣೆಯಾದ ನೆನಪಿಗೆ 2015ರಿಂದ ಈ ದಿನ ಬಂದಿದೆ. ನಮ್ಮ ಕಾಲೇಜಿನ ಗುರುಗಳಲ್ಲಿ, ಆಡಳಿತ ಮಂಡಳಿಯ ಹಿರಿಯರಲ್ಲಿ ನನ್ನದೊಂದು ಸಣ್ಣ ವಿನಂತಿ. ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳಿಗೆ ನಾವು ಶಾಲು ಹೊದಿಸಿ, ಗಾಜಿನದೋ ಪ್ಲಾಸ್ಟಿಕ್ಕಿನದೋ ಸ್ಮರಣಿಕೆ ಕೊಡುತ್ತೇವೆ. ಅದರ ಬದಲು ಊರಿನಲ್ಲೇ ನೇಯ್ದ ಒಂದೂವರೆ ಅಡಿಯ ಚಿಕ್ಕ ಜಮಖಾನ ಕೊಟ್ಟರೆ ಹೇಗೆ? ನೇಯ್ದವರ ಹೆಸರು, ಹಿಡಿದ ತಾಸು ಬರೆದ ಒಂದು ಚೀಟಿ ಅದಕ್ಕಿರಲಿ. ಬೆಲೆಯನ್ನು ಮಾತ್ರ ಕಡಿಮೆ ಮಾಡಿ ಎಂದು ಕೇಳಬೇಡಿ. ಗೆಳತಿಯರೇ, ನಿಮ್ಮ ಮನೆಯಲ್ಲೂ ದಾದಿ, ನಾನಿ, ಖಾಲಾ, ಅಜ್ಜಿ, ಅವ್ವ ಕೈಯಲ್ಲಿ ಏನಾದರೂ ಮಾಡುತ್ತಿದ್ದರೆ, ಅದು ಕೌದಿಯಾಗಿರಲಿ, ಶಾವಿಗೆಯಾಗಿರಲಿ, ಒಂದು ದಿನ ಪಕ್ಕದಲ್ಲಿ ಕೂತು ತಾಸು ಎಣಿಸಿ ಬರೆಯಿರಿ. ನನ್ನ ಹಾಗೆ ಊಟದ ಹೊತ್ತಿನಲ್ಲಿ ಜೋರಾಗಿ ಓದಬೇಡಿ, ಅಷ್ಟೇ.

ಪ್ರಾಜೆಕ್ಟಿಗೆ ಸರ್ 20ಕ್ಕೆ 17 ಅಂಕ ಕೊಟ್ಟರು. ಆ ಹಾಳೆ ಈಗ ಗ್ರಾಫ್ ಪುಸ್ತಕದೊಳಗಿದೆ. ದುಡಿಮೆಯ ಕಾಲಂನಲ್ಲಿ ಪೆನ್ಸಿಲಿನ ಸುತ್ತು ಇನ್ನೂ ಕಾಣುತ್ತದೆ, ಅದರೊಳಗೆ ನಾನು 4,886 ಎಂದು ಬರೆದಿದ್ದೇನೆ. ಇವತ್ತು ಸಂಜೆ ಅರ್ಧ ನವಿಲು ಮುಂದುವರಿಸಬೇಕು. ದಾದಿಯ ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ತಿಂಗಳು. ಅಷ್ಟರೊಳಗೆ ಕೊರಳು ದಾಟಿ ಜುಟ್ಟಿನವರೆಗೆ ಮುಗಿಸೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.